ಪರ್ಮಿಟ್ ರೂಮೋ, ದೇಶಿ ಅಂಗಡಿಯೋ, ತವೆರ್ನವೋ? ಮುಂಬೈ, ಪುಣೆ, ಗೋವಾದಲ್ಲಿ ಸಾದಾ ಬಾರ್ ಆರಿಸುವ ಬಗೆ

ಮುಂಬೈಯಲ್ಲಿ ಕುಡಿಯುವುದಕ್ಕೆ ಜಾಗ ಬೇಕಾದಷ್ಟಿದೆ. ಬರ ಇರುವುದು ಕೂರುವ ಜಾಗಕ್ಕೆ. ಹತ್ತಡಿಯ ಖೋಲಿಯಲ್ಲಿ ನಾಲ್ವರು ಮಲಗುವ ಊರಿನಲ್ಲಿ ಒಂದು ಮೇಜು, ಎರಡು ಕುರ್ಚಿ, ತಲೆಯ ಮೇಲೆ ಫ್ಯಾನು, ಯಾರೂ ಎಬ್ಬಿಸದ ಎರಡು ಗಂಟೆ ಸಿಗುವುದೆಂದರೆ ಸಣ್ಣ ಮಾತಲ್ಲ. ಗಲ್ಲಿಯ ಬಾರ್ ಮಾರುವುದು ಇದನ್ನೇ. ಗ್ಲಾಸಿನಲ್ಲಿರುವುದು ಅದರ ಬಾಡಿಗೆ. ಬಾರ್ ಆರಿಸುವಾಗ ಬಾಟಲಿಯ ದರಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾರ ಜೊತೆ ಹೋಗುತ್ತಿದ್ದೇವೆ, ಎಷ್ಟು ಹೊತ್ತು ಕೂರುತ್ತೇವೆ? ಉಳಿದ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ.

ಊರಿಂದ ಹೊಸದಾಗಿ ಬಂದವರಿಗೆ ಮೊದಲು ಕಾಡುವುದು ಬೋರ್ಡು. ನಮ್ಮ ಕರ್ನಾಟಕದಲ್ಲಿ ಸಿಎಲ್-9 ಬಾರ್ ಎನ್ನುವುದಕ್ಕೆ ಇಲ್ಲಿ ‘ಪರ್ಮಿಟ್ ರೂಮ್’ ಎಂದು ಬರೆದಿರುತ್ತದೆ. ಲೈಸೆನ್ಸಿನ ಹೆಸರು ಎಫ್‌ಎಲ್-3. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಜೀವಂತವಿದೆ. ನಿಷೇಧವನ್ನು ಸಡಿಲಿಸಿದರೇ ಹೊರತು ಕಾಯ್ದೆಯನ್ನು ತೆಗೆಯಲಿಲ್ಲ. ಹಾಗಾಗಿ ಕಾಗದದ ಮೇಲೆ ಕುಡಿಯುವವನಿಗೆ ಪರ್ಮಿಟ್ ಬೇಕೇ ಬೇಕು: ವಿದೇಶಿ ಮಾದರಿಯ ಮದ್ಯಕ್ಕೆ ಒಂದು ದಿನದ್ದು 5 ರೂಪಾಯಿ, ಸಾರಾಯಿಯಂಥ ದೇಶಿಗೆ 2 ರೂಪಾಯಿ, ವರ್ಷಕ್ಕೆ 100, ಆಜೀವ 1000. ಒಂದು ದಿನದ ಚೀಟಿಗಳನ್ನು ಬಾರಿನವರೇ ಕಟ್ಟುಗಟ್ಟಲೆ ತರಿಸಿಟ್ಟುಕೊಂಡಿರುತ್ತಾರೆ, ಗಿರಾಕಿಗೆ ಅದರ ಸುದ್ದಿಯೇ ಗೊತ್ತಾಗುವುದಿಲ್ಲ. ವಯಸ್ಸಿನ ಮಿತಿ ಮಾತ್ರ ಗೊತ್ತಿರಲಿ: ಬಿಯರ್, ವೈನ್‌ಗೆ 21, ವಿಸ್ಕಿ-ರಮ್ಮಿನಂಥ ಬಿಸಿ ಮದ್ಯಕ್ಕೆ 25. ಬೆಂಗಳೂರಿನಲ್ಲಿ ವಿಸ್ಕಿ ಕುಡಿದು ಬಂದ 22ರ ಹುಡುಗ ಇಲ್ಲಿ ಕಾನೂನಿನ ಲೆಕ್ಕದಲ್ಲಿ ಬಿಯರಿಗೆ ಮಾತ್ರ ಅರ್ಹ.

ಪರ್ಮಿಟ್ ರೂಮ್: ಇಬ್ಬರು ಮೂವರು, ಎರಡು ಮೂರು ಗಂಟೆ

ಕನ್ನಡ, ತುಳು ಬಲ್ಲವರಿಗೆ ಇದು ಸುಲಭದ ದಾರಿ. ಮುಂಬೈ, ಠಾಣೆ, ಪುಣೆಯ ಪರ್ಮಿಟ್ ರೂಮುಗಳಲ್ಲಿ ದೊಡ್ಡ ಪಾಲು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರದು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ತಲೆಮಾರು ಆಮೇಲೆ ಸ್ವಂತ ಗಲ್ಲಾದಲ್ಲಿ ಕೂತದ್ದರ ಫಲ ಅದು. ಈಗ ಗ್ಲಾಸು ತಂದಿಡುವ ಹುಡುಗ ಒಡಿಶಾದವನೋ ನೇಪಾಳದವನೋ ಆಗಿರಬಹುದು. ಗಲ್ಲಾದ ಹಿಂದೆ ಇರುವವರಿಗೆ ‘ಶೆಟ್ರೆ, ಇವತ್ತು ಮೀನು ಯಾವುದು ಒಳ್ಳೇದಿದೆ?’ ಎಂದು ಕೇಳಿದರೆ ಮೆನುವಿನಲ್ಲಿಲ್ಲದ ಉತ್ತರ ಬರುವ ಸಾಧ್ಯತೆ ಇದೆ.

ಒಳಗೆ ಹೋಗುವ ಮುನ್ನ ತೀರ್ಮಾನಿಸಬೇಕಾದದ್ದು ಎಸಿಯೋ ನಾನ್-ಎಸಿಯೋ ಎಂದು. ಒಂದೇ ಬಾರ್, ಒಂದೇ ಅಡುಗೆಮನೆ, ಒಂದೇ ಬಾಟಲಿ. ಆದರೆ ಕೆಳಗಿನ ಫ್ಯಾನಿನ ಹಾಲ್‌ಗೆ ಒಂದು ದರಪಟ್ಟಿ, ಮಾಳಿಗೆಯ ಎಸಿ ಹಾಲ್‌ಗೆ ಇನ್ನೊಂದು. ‘ಮೇಲೆ ಜಾಗ ಖಾಲಿ ಇದೆ ಬನ್ನಿ’ ಎಂದು ಕರೆದೊಯ್ದರೆ ಹತ್ತುವ ಮುನ್ನವೇ ಮೇಲಿನ ಕಾರ್ಡ್ ಕೇಳಿ ನೋಡಿ. ಕೆಳಗೆ ಒಂದು ಸುತ್ತು ಮುಗಿಸಿ ನಡುವೆ ಮೇಲಕ್ಕೆ ಹೋಗುವುದಾದರೆ ಕೆಳಗಿನ ಬಿಲ್ ಚುಕ್ತಾ ಮಾಡಿಯೇ ಹೋಗಿ. ಇಲ್ಲವಾದರೆ ಎಲ್ಲವೂ ಮೇಲಿನ ದರಕ್ಕೆ ಏರುತ್ತದೆ, ಜಗಳ ಶುರುವಾಗುವುದು ಅಲ್ಲೇ. ಹೆಂಗಸರು ಜೊತೆಗಿದ್ದರೆ ಮಾತ್ರ ಲೆಕ್ಕ ಬೇರೆ. ನಾನ್-ಎಸಿ ಹಾಲ್ ಎಷ್ಟೇ ಸಭ್ಯವಾಗಿದ್ದರೂ ಅಲ್ಲಿ ಕೂತವರೆಲ್ಲ ಗಂಡಸರೇ. ಶೌಚಾಲಯ ಒಂದೇ ಇದ್ದು ಅದರ ಚಿಲಕವೂ ಸಡಿಲವಾಗಿರುತ್ತದೆ. ಆಗ ಮೇಲಿನ ಹಾಲ್ ಅಥವಾ ‘ಫ್ಯಾಮಿಲಿ ರೂಮ್’ಗೆ ಹೆಚ್ಚಿನ ದುಡ್ಡು ಕೊಡುವುದೇ ಸರಿ. ಶೌಚಾಲಯ ನೋಡಿ ಬಂದು ಆಮೇಲೆ ಕೂರಲು ಯಾವ ಸಂಕೋಚವೂ ಬೇಡ.

ಇನ್ನು ಗ್ಲಾಸಿನ ಲೆಕ್ಕ. ಊರಲ್ಲಿ ‘ನೈಂಟಿ’ ಎಂದು ಹೇಳಿ ರೂಢಿ. ಇಲ್ಲಿ ಪೆಗ್ 30 ಇಲ್ಲವೇ 60 ಮಿ.ಲೀ., ಅದರಾಚೆಗೆ 180ರ ಕ್ವಾರ್ಟರ್. 60ರ ಪೆಗ್ಗಿನ ದರವನ್ನು ಮೂರರಿಂದ ಗುಣಿಸಿ ಕ್ವಾರ್ಟರ್ ದರದ ಪಕ್ಕ ಇಟ್ಟು ನೋಡಿ. ಬಹುತೇಕ ಸಾದಾ ಬಾರುಗಳಲ್ಲಿ ಕ್ವಾರ್ಟರೇ ಅಗ್ಗ, ಇಬ್ಬರು ಹಂಚಿಕೊಂಡರೆ ತಲಾ ನಿಮ್ಮ ನೈಂಟಿಯೂ ಸಿಕ್ಕಿತು. ಇನ್ನೊಂದು ಲಾಭವೆಂದರೆ ಕ್ವಾರ್ಟರ್ ಬಾಟಲಿ ಸೀಲ್ ಸಮೇತ ಮೇಜಿಗೆ ಬರುತ್ತದೆ. ಮುಚ್ಚಳದ ಉಂಗುರ ಮುರಿಯದೆ ಇದೆಯೇ, ಅಬಕಾರಿ ಚೀಟಿ ಹರಿದಿಲ್ಲವೇ ನೋಡಿ, ಕಣ್ಣೆದುರೇ ತೆಗೆಸಿ. ಲೂಸ್ ಪೆಗ್ಗಿನಲ್ಲಿ ಆಗುವ ಎರಡು ಮೋಸ, ಅಳತೆ ಕಡಿಮೆ ಬೀಳುವುದು ಮತ್ತು ಹೇಳಿದ ಬ್ರ್ಯಾಂಡಿನ ಬದಲು ಅಗ್ಗದ್ದು ಬರುವುದು, ಇಲ್ಲಿ ನಡೆಯುವುದಿಲ್ಲ. ಒಬ್ಬರೇ ಹೋಗಿ ಒಂದೇ ಪೆಗ್ಗಿಗೆ ನಿಲ್ಲಿಸುವವರಾದರೆ ಲೂಸ್ ತಗೊಳ್ಳಿ. ಅಗ್ಗವೆಂದು ಕ್ವಾರ್ಟರ್ ತೆಗೆಸಿ ಮುಗಿಸಲೇಬೇಕೆಂದು ಕುಡಿಯುವುದು ಉಳಿತಾಯವಲ್ಲ.

ಬಲದ ಲೆಕ್ಕವನ್ನೂ ಒಮ್ಮೆ ಹಾಕಿಟ್ಟುಕೊಳ್ಳಿ. ಇಲ್ಲಿನ ವಿಸ್ಕಿ, ರಮ್ಮು 42.8 ಪ್ರತಿಶತ, 60ರ ಒಂದು ಪೆಗ್ಗಿನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 26 ಮಿ.ಲೀ., ಕ್ವಾರ್ಟರಿನಲ್ಲಿ 77. ಎಂಟು ಪ್ರತಿಶತದ ಸ್ಟ್ರಾಂಗ್ ಬಿಯರಿನ 650ರ ಬಾಟಲಿಯಲ್ಲಿ 52. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಎರಡು ದೊಡ್ಡ ಪೆಗ್ಗಿಗೆ ಸಮ. ‘ನಾನು ಬರೀ ಬಿಯರ್’ ಎಂದು ಎರಡು ಬಾಟಲಿ ಇಳಿಸಿದವನು ಪಕ್ಕದಲ್ಲಿ ಕ್ವಾರ್ಟರ್ ಮುಗಿಸಿದವನಿಗಿಂತ ಹೆಚ್ಚೇ ಕುಡಿದಿರುತ್ತಾನೆ. ಐದು ಪ್ರತಿಶತದ ಮೈಲ್ಡ್ ಆದರೆ ಬಾಟಲಿಗೆ 32. ಹೆಚ್ಚು ಹೊತ್ತು ಕೂರುವವರು ಅದನ್ನೇ ಹಿಡಿಯುವುದು ಲೇಸು.

ಐಸ್ ವಿಷಯದಲ್ಲಿ ಮಹಾರಾಷ್ಟ್ರ ಒಂದು ಒಳ್ಳೆಯ ಕೆಲಸ ಮಾಡಿದೆ: ತಿನ್ನಲು ಬಾರದ, ಮೀನು-ಸರಕು ತಂಪಿಡುವ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ನಿಯಮ ಮಾಡಿತು. ಬಕೆಟ್ಟಿನಲ್ಲಿ ಎಲ್ಲಾದರೂ ನೀಲಿ ಛಾಯೆ ಕಂಡರೆ ಮುಟ್ಟಬೇಡಿ. ಬಣ್ಣವಿಲ್ಲದಿದ್ದರೂ ಗಟ್ಟಿ ಗಡ್ಡೆಯಿಂದ ಒಡೆದ ಚೂರುಗಳಾಗಿದ್ದರೆ ಅನುಮಾನ ಇರಲಿ. ಐಸ್ ಬೇಡ, ಫ್ರಿಜ್ಜಿನ ಸೋಡಾ ಕೊಡಿ ಎಂದರೆ ಮುಗಿಯಿತು. ಮಳೆಗಾಲದಲ್ಲಿ ಈ ಎಚ್ಚರ ಎರಡು ಪಟ್ಟು ಬೇಕು. ಮರುದಿನದ ಹೊಟ್ಟೆನೋವಿಗೆ ಮದ್ಯವನ್ನು ಬೈಯುವವರಲ್ಲಿ ಎಷ್ಟೋ ಮಂದಿ ಬೈಯಬೇಕಾದದ್ದು ಐಸನ್ನು.

ತಿನಿಸು ನೋಡಿಯೇ ಬಾರಿನ ಯೋಗ್ಯತೆ ಹೇಳಬಹುದು. ನಿಯಮ ಒಂದೇ: ಜನ ಹೆಚ್ಚು ತಿನ್ನುವುದನ್ನು ತಿನ್ನಿ. ಗಿರಾಕಿ ತುಂಬಿದ ಬಾರಿನಲ್ಲಿ ಚಕಣಾ ತಟ್ಟೆಯ ಕಡಲೆಕಾಯಿ ಅವತ್ತಿನದು, ಎಣ್ಣೆಯೂ ಅವತ್ತಿನದು. ಖಾಲಿ ಬಾರಿನ ಹುರಿದ ಶೇಂಗಾಕ್ಕೆ ಕಮಟು ವಾಸನೆ ಬಂದಿರುತ್ತದೆ. ಅಲ್ಲಿ ಬೇಯಿಸಿದ ಶೇಂಗಾ, ಬೇಯಿಸಿದ ಮೊಟ್ಟೆ, ಮಸಾಲಾ ಪಾಪಡ್, ಉಪ್ಪು ಹಚ್ಚಿದ ಸೌತೆಕಾಯಿ ಇಷ್ಟಕ್ಕೆ ನಿಲ್ಲಿಸಿ. ಕೇಳದೆ ಬಂದ ತಟ್ಟೆ ಕೆಲವೆಡೆ ಬಿಟ್ಟಿ, ಕೆಲವೆಡೆ ಬಿಲ್ಲಿನಲ್ಲಿ ಬರುತ್ತದೆ. ಮುಟ್ಟುವ ಮುನ್ನ ಒಂದು ಮಾತು ಕೇಳಿ. ಬೊಂಬಿಲ್ ಫ್ರೈ ಒಳ್ಳೆಯ ಪರೀಕ್ಷೆ. ಆ ಮೀನಿನ ಮೈಯೆಲ್ಲ ನೀರು. ಸೀಳಿ, ಭಾರದಡಿ ಒತ್ತಿಟ್ಟು ನೀರು ಬಸಿದು ಕರಿದರೆ ಮಾತ್ರ ಗರಿಗರಿ ಬರುತ್ತದೆ. ತಟ್ಟೆಯಲ್ಲಿ ನೀರು ಬಿಟ್ಟುಕೊಂಡು ಸೊರಗಿ ಬಂದರೆ ಅಡುಗೆಮನೆ ಅವಸರದ್ದು ಅಥವಾ ಮೀನು ಫ್ರೀಜರಿನದು. ಅಲ್ಲಿ ಮುಂದೆ ಸುರ್ಮಯಿ (ಅಂಜಲ್), ಪಾಪ್ಲೆಟ್ (ಮಾಂಜಿ) ಹೇಳಿ ದುಡ್ಡು ಕಳೆಯಬೇಡಿ. ಜೂನ್ 1ರಿಂದ ಜುಲೈ ಕೊನೆಯವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ‘ಫ್ರೆಶ್’ ಎಂಬ ಮಾತನ್ನು ಅರ್ಧ ನಂಬಿ, ಕೋಳಿ ಸುಕ್ಕ-ನೀರ್ದೋಸೆ ಇದ್ದರೆ ಅದನ್ನು ಹೇಳಿ.

ಆ ಹೊತ್ತಿಗೇ ಬರುವುದು ಆಷಾಢದ ಅಮಾವಾಸ್ಯೆ. ನಮ್ಮ ಮನೆಗಳಲ್ಲಿ ಭೀಮನ ಅಮಾವಾಸ್ಯೆಯೆಂದು ಗಂಡನ ಪಾದಪೂಜೆ ನಡೆಯುವ ದಿನ. ಮರಾಠಿಗರಲ್ಲಿ ಅದೇ ದಿನ ‘ಗಟಾರಿ’, ಶ್ರಾವಣ ಹಿಡಿಯುವ ಮುನ್ನ ಕುಡಿದು ತಿಂದು ಮುಗಿಸುವ ದಿನ. ಎರಡನ್ನೂ ಒಂದೇ ಸಂಜೆ ನಿಭಾಯಿಸಿದವರೂ ಇದ್ದಾರು. ಅವತ್ತು ಯಾವ ಬಾರಿನಲ್ಲೂ ಜಾಗವಿಲ್ಲ, ಅಡುಗೆಯೂ ಅವಸರದ್ದು, ಹೋಗದಿರುವುದೇ ಒಳ್ಳೆಯದು. ಅದರ ಮರುವಾರದಿಂದ ಶ್ರಾವಣದಲ್ಲಿ ಹಾಲ್ ಅರ್ಧ ಖಾಲಿ. ನೆಮ್ಮದಿಯಾಗಿ ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ, ಆದರೆ ಮಾಂಸದ ತಿನಿಸು ಖರ್ಚಾಗದೆ ಉಳಿದಿರುತ್ತದೆಂಬುದು ನೆನಪಿರಲಿ.

ಬಿಲ್ ಬಂದಾಗ ನೋಡಬೇಕಾದ ಸಾಲು ಮೂರು. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ವ್ಯಾಟ್ ಇದೆ. ಪರ್ಮಿಟ್ ರೂಮುಗಳಲ್ಲಿ ಅದು 2023ರ ನವೆಂಬರಿನಲ್ಲಿ 5ರಿಂದ 10 ಪ್ರತಿಶತಕ್ಕೆ ಏರಿತು. ತಿನಿಸಿಗೆ ಸಾಮಾನ್ಯವಾಗಿ 5 ಪ್ರತಿಶತ ಜಿಎಸ್‌ಟಿ. ಎರಡನ್ನೂ ಕೂಡಿಸಿ ಒಟ್ಟು ಮೊತ್ತದ ಮೇಲೆ ಹಾಕಿದ್ದರೆ ಪ್ರಶ್ನಿಸಿ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ಬೇಡವೆಂದರೆ ತೆಗೆಯಬೇಕು. ಅದರ ಬದಲು ಬಡಿಸಿದ ಹುಡುಗನ ಕೈಗೇ ನಗದು ಕೊಡಿ. ‘ರಿಪೀಟ್’ ಎಂದು ಹೇಳಿ ಹೇಳಿ ಎಣಿಕೆ ತಪ್ಪುವುದು ಎಲ್ಲರಿಗೂ ಆಗುವುದೇ. ಖಾಲಿ ಕ್ವಾರ್ಟರ್, ಸೋಡಾ ಬಾಟಲಿಗಳನ್ನು ಮೇಜಿನ ಕಾಲ ಬಳಿ ಇಡಿಸಿ, ಒಯ್ಯಲು ಬಿಡಬೇಡಿ. ಕೊನೆಗೆ ಅವೇ ಸಾಕ್ಷಿ.

ಕೊಲಾಬಾದಲ್ಲಿ ತಾಜ್ ಹೋಟೆಲಿನ ಹಿಂದಿನ ಗಲ್ಲಿಯ ಗೋಕುಲ್, ಬಾಂದ್ರಾ ಪಾಲಿ ನಾಕಾದ ಜನತಾ ಇಂಥ ಬಾರುಗಳಲ್ಲಿ ಹೆಸರುವಾಸಿ. ಹೆಸರು ಬಂದ ಮೇಲೆ ಶುಕ್ರವಾರ, ಶನಿವಾರ ಮೇಜಿಗೆ ಕಾಯಬೇಕು, ಕಾಯುವವರು ನಿಮ್ಮ ಕುರ್ಚಿಯ ಹಿಂದೆಯೇ ನಿಂತಿರುತ್ತಾರೆ. ಎರಡು ಗಂಟೆ ಕೂರುವ ಆಸೆಯಿದ್ದರೆ ಸ್ಟೇಷನ್ನಿಂದ ನಿಮ್ಮ ಮನೆಯ ದಾರಿಯಲ್ಲಿರುವ, ಯಾರೂ ಹೊಗಳದ ಬಾರೇ ವಾಸಿ. ಭಾಂಡುಪ್, ಮುಲುಂಡ್, ಡೊಂಬಿವಲಿಯ ಬಾರುಗಳ ಮುಂದೆ ಯಾರೂ ಫೋಟೊ ತೆಗೆಯುವುದಿಲ್ಲ.

ಕೆಲವು ಪರ್ಮಿಟ್ ರೂಮುಗಳ ಮುಂಭಾಗದಲ್ಲಿ ನಿಂತೇ ಕುಡಿಯುವ ಕಟ್ಟೆ ಇರುತ್ತದೆ. ಸ್ಟೇಷನ್ನಿನ ಹತ್ತಿರ, ಇಪ್ಪತ್ತು ನಿಮಿಷಕ್ಕೆ, ಒಬ್ಬರೇ ಇದ್ದಾಗ ಅದು ಸಾಕು. ದರ ಕೂತವರಿಗಿಂತ ಕಡಿಮೆ. ಖಾಲಿ ಹೊಟ್ಟೆಯಲ್ಲಿ, ಆಫೀಸಿನಿಂದ ನೇರ ಬಂದು ಕ್ವಾರ್ಟರನ್ನು ಹತ್ತು ನಿಮಿಷಕ್ಕೆ ಮುಗಿಸುವವರು ಲೋಕಲ್ ರೈಲು ಹತ್ತಿದ ಮೇಲೆ ಕಷ್ಟಪಡುತ್ತಾರೆ. ಮೊದಲು ಒಂದು ಆಮ್ಲೆಟ್-ಪಾವ್ ಒಳಗೆ ಹೋಗಲಿ.

ದೇಶಿ ದಾರೂ ಅಂಗಡಿ: ಅಗ್ಗ, ಚುಟುಕು, ಎಲ್ಲರಿಗಲ್ಲ

ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತುಹೋಯಿತು, ಹಾಗಾಗಿ ಸರ್ಕಾರಿ ಲೈಸೆನ್ಸಿನ ದೇಶಿ ಅಂಗಡಿ ಎಂಬುದೇ ಈಗಿನ ಹುಡುಗರಿಗೆ ಹೊಸದು. ಮಹಾರಾಷ್ಟ್ರದಲ್ಲಿ ಅದು ಸಿಎಲ್-3 ಲೈಸೆನ್ಸಿನ ಅಂಗಡಿ: ಬೆಂಚು, ಜಾಲರಿಯ ಹಿಂದೆ ಮಾರುವವನು, 90 ಮತ್ತು 180ರ ಸೀಲ್ ಬಾಟಲಿ, ಕಿತ್ತಳೆಯ ವಾಸನೆಯ ‘ಸಂತ್ರಾ’. ತಿನಿಸು ಹೊರಗೆ ಗಾಡಿಯವನ ಬಳಿ. 2025ರ ಜೂನಿನಲ್ಲಿ ಸುಂಕ ಏರಿದ ಮೇಲೆ 180 ಮಿ.ಲೀ.ಗೆ ನಿಗದಿಯಾದ ಕನಿಷ್ಠ ಚಿಲ್ಲರೆ ದರ ನೋಡಿದರೆ ಅಂತರ ತಿಳಿಯುತ್ತದೆ: ದೇಶಿ 80 ರೂಪಾಯಿ, ಧಾನ್ಯದಿಂದ ಮಾಡುವ ಹೊಸ ವರ್ಗವಾದ ಮಹಾರಾಷ್ಟ್ರ ಮೇಡ್ ಲಿಕ್ಕರ್ 148, ಮಾಮೂಲಿ ವಿಸ್ಕಿ-ರಮ್ 205, ಪ್ರೀಮಿಯಂ ವಿದೇಶಿ 360. ಪರ್ಮಿಟ್ ರೂಮಿನಲ್ಲಿ ಇದರ ಮೇಲೆ ಕೂರುವ ಜಾಗದ ದುಡ್ಡು ಬೇರೆ ಸೇರುತ್ತದೆ. ದೇಶಿ ಅಂಗಡಿಯಲ್ಲಿ ಅದು ಹೆಚ್ಚಾಗಿ ಸೇರದು, ಯಾಕೆಂದರೆ ಅಲ್ಲಿ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ಬೆಳಗಿನ ಪಾಳಿ ಮುಗಿಸಿದವರು, ಹಮಾಲರು, ಕಟ್ಟಡದ ಕೆಲಸದವರು ಬಂದು ಕುಡಿದು ಹೋಗುವ ಜಾಗ. ನೋಡಿ ಬರೋಣವೆಂದು ಗುಂಪು ಕಟ್ಟಿಕೊಂಡು ಮೊಬೈಲ್ ಹಿಡಿದು ಹೋಗುವ ಜಾಗ ಅದಲ್ಲ.

ಹೋಗುವುದೇ ಆದರೆ ಒಂದು ಮಾತು ಮೀರಬೇಡಿ: ಸೀಲ್ ಬಾಟಲಿ ಬಿಟ್ಟು ಬೇರೆ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ, ಕ್ಯಾನಿನಲ್ಲಿ ಮಾರುವ ಹಾತ್‌ಭಟ್ಟಿಯದು ಬೇರೆಯೇ ದಂಧೆ, ಅದು ಕಳ್ಳಭಟ್ಟಿ. 2004ರಲ್ಲಿ ವಿಕ್ರೋಳಿ, 2015ರ ಜೂನಿನಲ್ಲಿ ಮಾಲಾಡಿನ ಮಾಲ್ವಣಿ. ಎರಡೂ ಕಡೆ ಕಳ್ಳ ಮದ್ಯ ಕುಡಿದು ಸತ್ತವರು ಬಡ ಕೆಲಸಗಾರರು. ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಮಂದಿ. ಕೊಲ್ಲುವುದು ಮೆಥನಾಲ್. ರುಚಿ, ವಾಸನೆಯಿಂದ ಅದನ್ನು ಗುರುತಿಸಲಾಗದು. ಕುಡಿದ ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗುವುದು ಶುರುವಾದರೆ ನಿದ್ದೆ ಮಾಡಿ ಸರಿಹೋಗುತ್ತದೆಂದು ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಏನು ಕುಡಿದದ್ದೆಂದು ಮುಚ್ಚಿಡದೆ ಹೇಳಬೇಕು.

ಹಗಲು ಬಿಯರಿಗೆ ಇರಾನಿ, ಗದ್ದಲಕ್ಕೆ ಪಬ್

ಫೋರ್ಟಿನಲ್ಲಿ ಹಗಲು ಹೊತ್ತು ಒಂದು ತಣ್ಣನೆಯ ಬಿಯರ್ ಸಾಕೆಂದರೆ ಕೆಫೆ ಮಿಲಿಟರಿಯಂಥ ಹಳೇ ಇರಾನಿ ಹೋಟೆಲ್ ಚೆನ್ನ. ಖೀಮಾ-ಪಾವ್ ಜೊತೆಗೆ ಸಿಗುತ್ತದೆ, ಒಬ್ಬರೇ ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ಊಟದ ಹೊತ್ತಿನಲ್ಲಿ ಮಾತ್ರ ಮೇಜು ಹಂಚಿಕೊಳ್ಳಬೇಕಾಗಬಹುದು. ಕೊಲಾಬಾದ 1871ರ ಲಿಯೋಪೋಲ್ಡ್ ಕೆಫೆ ಈಗ ಪ್ರವಾಸಿಗಳದು. ಅಲ್ಲಿ ಕೊಡುವ ಹೆಚ್ಚುವರಿ ದುಡ್ಡು ಹೆಸರಿಗೆ.

ಪಬ್ಬನ್ನು ಹೀಗಳೆಯಬೇಕಾಗಿಲ್ಲ. ಎಂಟು-ಹತ್ತು ಜನರ ಆಫೀಸಿನ ಪಾರ್ಟಿ, ಕಾರ್ಡಿನಲ್ಲಿ ಪಾವತಿ, ಶುಚಿಯಾದ ಶೌಚಾಲಯ, ಹೆಂಗಸರಿಗೆ ತಡರಾತ್ರಿಯ ಸುರಕ್ಷತೆ ಇದ್ದರೆ ಪಬ್ಬೇ ಸರಿ. ಮೂವರು ಹಳೇ ಗೆಳೆಯರು ಮಾತಾಡಬೇಕಿದ್ದರೆ ಮಾತ್ರ ಅಲ್ಲಿನ ಸಂಗೀತ ಬಿಡುವುದಿಲ್ಲ. ಎರಡಕ್ಕೂ ಸೇರದ ಒಂದು ಜಾತಿ ಇದೆ: ‘ಲೇಡೀಸ್ ಸರ್ವಿಸ್’, ‘ಆರ್ಕೆಸ್ಟ್ರಾ’ ಎಂಬ ಬೋರ್ಡು, ಕಪ್ಪು ಗಾಜು, ಬಾಗಿಲಲ್ಲಿ ಬೌನ್ಸರ್, ಕೇಳಿದರೂ ಸಿಗದ ದರಪಟ್ಟಿ. ಅವರ ಲೆಕ್ಕಾಚಾರವೇ ಬೇರೆ. ಅಗ್ಗದ ಬಾರೆಂದು ತಿಳಿದು ನುಗ್ಗಿದರೆ ಬಿಲ್ ನೋಡಿದಾಗಲೇ ಗೊತ್ತಾಗುವುದು.

ಪುಣೆಯಲ್ಲಿ ಜಾಗದ ಕೊರತೆ ಮುಂಬೈಯಷ್ಟಿಲ್ಲ. ಅಲ್ಲಿ ಕೇಳಿ ಹೋಗಬೇಕಾದದ್ದು ಗಾರ್ಡನ್ ಬಾರ್: ಮರದಡಿ ಮೇಜು, ಗಾಡಿ ನಿಲ್ಲಿಸಲು ಜಾಗ. ಚಳಿಗಾಲದ ಸಂಜೆಗೆ ಬಹಳ ಒಳ್ಳೆಯದು, ಮಳೆ ಮುಗಿದ ಕೂಡಲೇ ಸೊಳ್ಳೆ. ಪಿಂಪ್ರಿ-ಚಿಂಚವಾಡದ ಕಡೆ ಪಾಳಿ ಬಿಡುವ ಹೊತ್ತಿಗೆ ಬಾರು ಒಮ್ಮೆಲೇ ತುಂಬುತ್ತದೆ. ಅದಕ್ಕೆ ಅರ್ಧ ಗಂಟೆ ಮುಂಚೆ ಹೋಗಿ.

ಗೋವಾದ ತವೆರ್ನ: ಮಧ್ಯಾಹ್ನಕ್ಕೆ ಮುನ್ನ, ಮಿತವಾಗಿ

ವಾಸ್ಕೊ, ಬೈನಾ, ಜುವಾರಿನಗರದಲ್ಲಿ ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದ ಕಡೆಯ ಮಾತು ಬೀದಿಬೀದಿಗೆ ಕೇಳುತ್ತದೆ. ಅಲ್ಲಿನ ಬಾರುಗಳು ಮುಂಬೈಯ ಪರ್ಮಿಟ್ ರೂಮಿನ ತಮ್ಮಂದಿರಂತೆಯೇ ಇವೆ, ದರ ಮಾತ್ರ ಕಡಿಮೆ. ಆದರೆ ಗೋವಾಕ್ಕೆ ಹೋಗಿ ಹುಡುಕಬೇಕಾದದ್ದು ಹಳ್ಳಿಯ, ಅಥವಾ ಪಣಜಿಯ ಫೊಂಟೈನ್ಯಾಸ್‌ನಂಥ ಹಳೇ ಓಣಿಯ ತವೆರ್ನ. ಮನೆಯ ಮುಂದಿನ ಕೋಣೆಯಲ್ಲೇ ಒಂದು ಕಟ್ಟೆ, ನಾಲ್ಕು ಸ್ಟೂಲು. ಬೆಳಗ್ಗೆ ತೆರೆದು ಮಧ್ಯಾಹ್ನ ಒಂದರ ಸುಮಾರಿಗೆ ಮುಚ್ಚಿ ಸಂಜೆ ಮತ್ತೆ ತೆರೆಯುವುದು ಹಳೇ ಪದ್ಧತಿ. ಎರಡು ಗಂಟೆಗೆ ಹೋಗಿ ಬಾಗಿಲು ಬಡಿಯಬೇಡಿ.

ಅಲ್ಲಿ ವಿಸ್ಕಿ ಕೇಳುವುದು ದಂಡ. ಗೇರುಹಣ್ಣು ತುಳಿದು ತೆಗೆದ ರಸವನ್ನು ಹುಳಿಸಿ ಒಮ್ಮೆ ಭಟ್ಟಿ ಇಳಿಸಿದರೆ ಉರ್ರಾಕ್, ಎರಡನೆಯ ಸಲ ಇಳಿಸಿದರೆ ಫೆನಿ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಉರ್ರಾಕ್ ಗೇರಿನ ಕಾಲದ್ದು, ಮಾರ್ಚಿನಿಂದ ಮೇವರೆಗೆ. ಬಹಳ ದಿನ ಇಟ್ಟರೆ ಕೆಡುತ್ತದೆ, ಆಗಸ್ಟಿನಲ್ಲಿ ಯಾರಾದರೂ ‘ತಾಜಾ’ ಎಂದರೆ ನಂಬಬೇಡಿ. 60 ಮಿ.ಲೀ. ಉರ್ರಾಕ್, ಲಿಮ್ಕಾ, ನಿಂಬೆಯ ಹೋಳು, ಚಿಟಿಕೆ ಉಪ್ಪು, ಉದ್ದಕ್ಕೆ ಸೀಳಿದ ಹಸಿಮೆಣಸು. ಶರಬತ್ತಿನಂತೆ ಇಳಿಯುತ್ತದೆ, ಅಪಾಯವೂ ಅದೇ: ಏಪ್ರಿಲಿನ ಬಿಸಿಲಲ್ಲಿ ಬೆವರಿ ಬಾಯಾರಿದವರು ನೀರಿನ ಬದಲು ಇದನ್ನೇ ಕುಡಿದು ಏಳಲಾರದೆ ಕೂರುತ್ತಾರೆ. ಪ್ರತಿ ಗ್ಲಾಸಿನ ನಡುವೆ ಒಂದು ಗ್ಲಾಸು ನೀರು ಇರಲಿ. ಫೆನಿಯ ಬಲ ವಿಸ್ಕಿಯಷ್ಟೇ, ವಾಸನೆ ಮಾತ್ರ ಜೋರು; ಮೊದಲ ಸಲಕ್ಕೆ 30 ಸಾಕು, ಸೋಡಾಕ್ಕಿಂತ ನಿಂಬೆಯ ಸೋಡಾ ಒಗ್ಗುತ್ತದೆ. ಜೊತೆಗೆ ಶೊರಿಸ್-ಪಾವ್ (ಹಂದಿಮಾಂಸದ ಸಾಸೇಜ್ ಮತ್ತು ಪಾವ್) ಅಥವಾ ರೆಶಾದ್ ಮಸಾಲೆಯ ಬಂಗಡೆ.

ಗೋವಾದಲ್ಲಿ ಅಗ್ಗವೆಂದು ಬಾಟಲಿ ಕಟ್ಟಿಕೊಂಡು ಗಡಿ ದಾಟುವ ಅಭ್ಯಾಸ ಬಿಡಿ. ಪರವಾನಗಿ ಇಲ್ಲದೆ ಕರ್ನಾಟಕಕ್ಕಾಗಲಿ ಮಹಾರಾಷ್ಟ್ರಕ್ಕಾಗಲಿ ತಂದರೆ ಕೇಸು. ಬಾಡಿಗೆ ಸ್ಕೂಟರಿನಲ್ಲಿ ತವೆರ್ನಕ್ಕೆ ಹೋಗುವುದೂ ಬೇಡ. ಕುಡಿದು ಓಡಿಸುವ ಮಿತಿ ದೇಶದೆಲ್ಲೆಡೆ ಒಂದೇ, 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.; ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಮುಂಬೈಯಲ್ಲಿ ಈ ತೊಡಕಿಗೆ ಲೋಕಲ್ ಇದೆ. ಪರ್ಮಿಟ್ ರೂಮಿಗೆ ರಾತ್ರಿ 1:30ರವರೆಗೆ ಅನುಮತಿ ಇದ್ದರೂ ಅಡುಗೆಮನೆ ಅದಕ್ಕೆ ಎಷ್ಟೋ ಮೊದಲೇ ಆರುತ್ತದೆ, ಊರಾಚೆಯ ಕೊನೆಯ ಗಾಡಿಯೂ ಅದಕ್ಕೆ ಮುಂಚೆಯೇ ಹೊರಡುತ್ತದೆ. ಊಟ ಬೇಕಿದ್ದವರು ಎರಡನೆಯ ರಿಪೀಟಿನ ಜೊತೆಗೇ ಹೇಳಿಬಿಡಿ. ಅಕ್ಟೋಬರ್ 2, ಜನವರಿ 26, ಆಗಸ್ಟ್ 15, ಮತದಾನದ ದಿನಗಳು ಮಹಾರಾಷ್ಟ್ರದಲ್ಲಿ ಡ್ರೈ ಡೇ. ಅಂಥ ದಿನ ಅರ್ಧ ಎಳೆದ ಶಟರಿನ ಕೆಳಗಿಂದ ಯಾರಾದರೂ ಕರೆದರೂ ಹೋಗಬೇಡಿ. ರೇಡು ಬಿದ್ದರೆ ಒಳಗೆ ಕೂತ ಗಿರಾಕಿಯನ್ನೂ ಬಿಡುವುದಿಲ್ಲ.